ಇರುವೆ ಸಾಲಿನ ಲೆಕ್ಕದಲ್ಲಿ ಚಿಪ್‌ನ ತಂತಿ ಎಳೆಯುವುದು: 12 ನೆಟ್‌ಗೆ ಸರಿ ಬಂದದ್ದು 40ಕ್ಕೆ ಏಕೆ ಬರುತ್ತಿಲ್ಲ?

ಬಾತಿಗುಡ್ಡ:

ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಕೊನೆಯ ವರ್ಷದ ವಿದ್ಯಾರ್ಥಿನಿ. ಇರುವೆಗಳು ದಾರಿ ಹುಡುಕುವ ಕ್ರಮವನ್ನು ಅನುಸರಿಸಿ ಚಿಪ್‌ನ ರೌಟಿಂಗ್ (ಪಿನ್ ಎಂಬ ಬಿಂದುಗಳನ್ನು ಕೂಡಿಸುವ ತಂತಿಗಳಿಗೆ ದಾರಿ ಹುಡುಕುವುದು; ಒಂದಕ್ಕೊಂದು ಕೂಡಬೇಕಾದ ಪಿನ್‌ಗಳ ಗುಂಪೇ ಒಂದು ನೆಟ್) ಮಾಡುವುದನ್ನು ಹಟ ಹಿಡಿದು ಪ್ರಾಜೆಕ್ಟ್ ವಿಷಯವಾಗಿ ಆರಿಸಿಕೊಂಡೆ. ಎರಡನೆಯ ರಿವ್ಯೂಗೆ ಇನ್ನು ಹದಿನೆಂಟು ದಿನ ಇದೆ, ಕೆಲಸ ನಡುದಾರಿಯಲ್ಲಿ ನಿಂತಿದೆ. ಬಲ್ಲವರು ದಯವಿಟ್ಟು ನೋಡಿ ಹೇಳಬೇಕು.

ಈ ವಿಷಯ ತಲೆಗೆ ಹೊಕ್ಕದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ನನ್ನ ತಪ್ಪಿನ ಬೇರು ಅಲ್ಲಿಯೇ ಇರಬಹುದು. ಬೇಸಿಗೆ ರಜೆಯಲ್ಲಿ ದೊಡ್ಡಬಾತಿಯ ಅಜ್ಜಿಯ ಮನೆಯಲ್ಲಿದ್ದೆ. ಅಡುಗೆಮನೆಯ ಕಿಟಕಿಯಿಂದ ಬೆಲ್ಲದ ಡಬ್ಬಿಯವರೆಗೆ ಇರುವೆಗಳ ಸಾಲು ಹರಿದಿತ್ತು. ಅಜ್ಜಿ ಒದ್ದೆ ಬಟ್ಟೆಯಿಂದ ಗೋಡೆಯನ್ನು ಒಂದು ಗೇಣಿನಷ್ಟು ಒರೆಸಿದರು. ಒರೆಸಿದ ಜಾಗದ ಈಚೆ ಬದಿಗೆ ಬಂದ ಇರುವೆಗಳು ಗೆರೆ ಎಳೆದಂತೆ ನಿಂತು ಅತ್ತಿತ್ತ ತಡಕಾಡಿದವು. ಹತ್ತು ನಿಮಿಷ ಕಳೆಯುವುದರೊಳಗೆ ಒಂದೆರಡು ಇರುವೆಗಳು ದಾಟಿದವು, ಅವುಗಳ ಹಿಂದೆ ಇನ್ನಷ್ಟು, ಆಮೇಲೆ ಏನೂ ಆಗಿಲ್ಲವೆಂಬಂತೆ ಸಾಲು ಮತ್ತೆ ಕೂಡಿಕೊಂಡಿತು. ಯಾರೂ ಆಜ್ಞೆ ಕೊಡಲಿಲ್ಲ, ಯಾರ ಬಳಿಯೂ ನಕ್ಷೆ ಇರಲಿಲ್ಲ. ಅಂದು ರಾತ್ರಿಯೇ ಹುಡುಕಿದಾಗ, ಮಾರ್ಕೊ ಡೊರಿಗೊ ಎಂಬವರು 1992ರಲ್ಲಿ ಮಿಲಾನ್‌ನಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧದಲ್ಲಿ ಇದನ್ನೇ ಗಣಿತವಾಗಿಸಿದ್ದಾರೆಂದು ತಿಳಿಯಿತು. ನಡೆದ ಇರುವೆ ವಾಸನೆ ಬಿಡುತ್ತದೆ, ವಾಸನೆ ಹೆಚ್ಚಿರುವ ಕಡೆಗೆ ಮುಂದಿನ ಇರುವೆ ಹೋಗುವ ಸಂಭವ ಹೆಚ್ಚು, ಕಾಲ ಕಳೆದಂತೆ ವಾಸನೆ ಆರುತ್ತದೆ. ಇಷ್ಟೇ ನಿಯಮ.

ನಾನು ಮಾಡಿದ್ದು ಹೀಗೆ. ಅಗಲ 60, ಉದ್ದ 60 ಚೌಕಗಳ ಜಾಲ, ಎರಡು ಲೋಹದ ಪದರ. ಮೊದಲ ಪದರದಲ್ಲಿ ತಂತಿ ಅಡ್ಡಕ್ಕೆ, ಎರಡನೆಯದರಲ್ಲಿ ಉದ್ದಕ್ಕೆ ಮಾತ್ರ ಹೋಗಬೇಕು. ಪದರ ಬದಲಿಸುವ ವಯಾಗೆ ಮೂರು ಹೆಜ್ಜೆಯ ಬೆಲೆ. ಪ್ರತಿ ನೆಟ್‌ಗೆ 30 ಇರುವೆ, 200 ಸುತ್ತು, ಪ್ರತಿ ಸುತ್ತಿನಲ್ಲಿ ಶೇಕಡಾ 10ರಷ್ಟು ವಾಸನೆ ಆರುತ್ತದೆ. ಒಂದು ನೆಟ್ ಮುಗಿದ ಮೇಲೆ ಅದರ ದಾರಿಯನ್ನು ಗೋಡೆಯೆಂದು ಗುರುತಿಸಿ ಮುಂದಿನ ನೆಟ್ ಹಿಡಿಯುತ್ತೇನೆ.

12 ನೆಟ್ ಕೊಟ್ಟಾಗ ಎಲ್ಲವೂ ಕೂಡಿದವು, ಕೈಯಿಂದ ಗೆರೆ ಎಳೆದು ನೋಡಿದರೆ ಉದ್ದವೂ ಅಷ್ಟೇ ಬಂತು. ಆ ದಿನ ಅಜ್ಜಿಗೆ ಫೋನ್ ಮಾಡಿ ಹೇಳಿದೆ. 40 ನೆಟ್ ಕೊಟ್ಟಾಗ ಕೂಡಿದ್ದು 27 ಮಾತ್ರ. ಎರಡು ಬ್ಲಾಕ್‌ಗಳ (ಚಿಪ್‌ನ ಒಂದೊಂದು ಕೆಲಸದ ಭಾಗಗಳ) ನಡುವೆ ಎಂಟು ಚೌಕ ಅಗಲದ ಒಂದು ಓಣಿ ಇದೆ, ಇರುವೆಗಳೆಲ್ಲ ಅಲ್ಲಿಗೇ ನುಗ್ಗುತ್ತವೆ. ನೆಟ್‌ಗಳ ಸರದಿ ಬದಲಿಸಿದರೆ ಬೇರೆ ಹದಿಮೂರು ಉಳಿಯುತ್ತವೆ. ಒಂದು ಸಲ ಓಡಿಸಲು ನನ್ನ 8 ಜಿ.ಬಿ. ಲ್ಯಾಪ್‌ಟಾಪ್‌ಗೆ ಆರು ಗಂಟೆ ಬೇಕು. ಅಲೆ ಹರಡುವಂತೆ ದಾರಿ ಹುಡುಕುವ, ಲೀ ಎಂಬವರ ಹಳೆಯ ವಿಧಾನದಿಂದ ನನ್ನ ಸಹಪಾಠಿ ಇದೇ ಜಾಲದಲ್ಲಿ ಕೆಲವೇ ಸೆಕೆಂಡುಗಳಲ್ಲಿ 31 ನೆಟ್ ಕೂಡಿಸಿದ. ಗೈಡ್ ಶಾಂತವಾಗಿಯೇ ಕೇಳಿದರು: "ಹಾಗಾದರೆ ಇರುವೆಯಿಂದ ನಮಗೆ ಸಿಕ್ಕಿದ್ದೇನಮ್ಮ?" ನನ್ನ ಬಳಿ ಉತ್ತರವಿರಲಿಲ್ಲ.

ಕೋಡ್‌ನಲ್ಲಿ ತಪ್ಪಿದೆಯೇ, ಅಥವಾ ಈ ಕೆಲಸಕ್ಕೆ ಇರುವೆಯೇ ಹೊಂದುವುದಿಲ್ಲವೇ? ವಿಷಯ ಬದಲಿಸಲು ಮನಸ್ಸಿಲ್ಲ.

ಏಳುಸುತ್ತು:

ಊರು ಚಿತ್ರದುರ್ಗ, ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಡಿಜಿಟಲ್ ಚಿಪ್‌ಗಳ ಪ್ಲೇಸ್‌ಮೆಂಟ್ (ಭಾಗಗಳಿಗೆ ಜಾಗ ಗೊತ್ತುಮಾಡುವುದು), ರೌಟಿಂಗ್ ಮಾಡುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ.

ಎರಡು ಪಿನ್‌ಗಳ ಒಂದೇ ನೆಟ್‌ಗೆ ಲೀ ವಿಧಾನವನ್ನು ಯಾರೂ ಮೀರಿಸಲಾರರು. ದಾರಿ ಇದ್ದರೆ ಅದು ಸಿಕ್ಕೇ ಸಿಗುತ್ತದೆ, ಸಿಕ್ಕಿದ್ದು ಅತಿ ಗಿಡ್ಡ ದಾರಿಯೇ ಆಗಿರುತ್ತದೆ. 1961ರಿಂದ ಈ ಖಾತರಿ ಇದೆ. ಆದ್ದರಿಂದ 12 ನೆಟ್‌ನ ಫಲಿತಾಂಶವನ್ನು ಸಾಧನೆಯೆಂದು ರಿವ್ಯೂನಲ್ಲಿ ತೋರಿಸಬೇಡಿ, ಬಲ್ಲ ಪರೀಕ್ಷಕರು ಅಲ್ಲಿಯೇ ಹಿಡಿಯುತ್ತಾರೆ. ಮೂರು ನಾಲ್ಕು ಪಿನ್‌ಗಳ ನೆಟ್‌ನಲ್ಲಿ ಇರುವೆ ಗೆಲ್ಲಬಹುದೆಂದು ಅನ್ನಿಸಬಹುದು, ಏಕೆಂದರೆ ಹಲವು ಪಿನ್‌ಗಳನ್ನು ಅಡ್ಡ ಮತ್ತು ಉದ್ದ ಗೆರೆಗಳಿಂದಲೇ ಅತಿ ಕಡಿಮೆ ಉದ್ದದಲ್ಲಿ ಕೂಡಿಸುವ ಸ್ಟೈನರ್ ಮರದ ಸಮಸ್ಯೆ ಕಠಿಣ ವರ್ಗದ್ದೆಂದು (ವೇಗದ ಖಚಿತ ವಿಧಾನ ಯಾರಿಗೂ ಗೊತ್ತಿಲ್ಲದ್ದು) ಗ್ಯಾರಿ ಮತ್ತು ಜಾನ್ಸನ್ 1977ರಲ್ಲಿ ಸಾಧಿಸಿದ್ದಾರೆ. ಆದರೆ ಒಂಬತ್ತು ಪಿನ್‌ವರೆಗಿನ ನೆಟ್‌ಗಳಿಗೆ ಉತ್ತರಗಳನ್ನು ಮೊದಲೇ ಲೆಕ್ಕ ಹಾಕಿ ಕೋಷ್ಟಕದಲ್ಲಿ ಇಟ್ಟಿರುವ ಫ್ಲೂಟ್ ಎಂಬ ವಿಧಾನವಿದೆ. ಚಿಪ್‌ನ ಬಹುಪಾಲು ನೆಟ್‌ಗಳು ಅದರೊಳಗೇ ಮುಗಿಯುತ್ತವೆ.

ನಮ್ಮ ಕಚೇರಿಯಲ್ಲಿ ಲಕ್ಷಾಂತರ ನೆಟ್‌ಗಳನ್ನು ಒಂದು ರಾತ್ರಿಯಲ್ಲಿ ಮುಗಿಸಬೇಕಾಗುತ್ತದೆ. ಅಲ್ಲಿ ಇರುವೆಯನ್ನು ಯಾರೂ ಕರೆಯುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ವಿಷಯ ಬದಲಿಸುತ್ತಿದ್ದೆ.

ಬಾತಿಗುಡ್ಡ:

ಧನ್ಯವಾದ ಸರ್. ಲೀ ವಿಧಾನಕ್ಕೆ ಆ ಖಾತರಿ ಇದೆ ಎಂಬುದು ಪಠ್ಯದಲ್ಲಿತ್ತು, ನಾನು ಅದನ್ನು ಪರೀಕ್ಷೆಗೆ ಓದಿ ಮರೆತಿದ್ದೆ. ಆದರೂ ಒಂದು ಮಾತು ಕೇಳಬೇಕು. ಲೀ ವಿಧಾನಕ್ಕೂ 31ರ ಮೇಲೆ ಆಗಲಿಲ್ಲವಲ್ಲ? ಒಂದೊಂದೇ ನೆಟ್‌ಗೆ ಖಾತರಿಯಿದ್ದರೂ ಎಲ್ಲವೂ ಕೂಡಿದಾಗ ಅದೂ ಸೋಲುತ್ತದೆ. ಆ ಜಾಗದಲ್ಲಿ ಇರುವೆಗೆ ಏನಾದರೂ ಕೆಲಸವಿದೆಯೇ ಎಂದು ತಿಳಿಯಬೇಕಿತ್ತು.

ಕೊನೆಯ ತೂಬು:

ತಂಗಿ, ನಿನ್ನ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಚೆನ್ನಾಗಿದೆ. ನಿನ್ನ ವಯಸ್ಸಿನ ಮಗಳು ನನಗಿದ್ದಾಳೆ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನಲ್ಲಿ ಹತ್ತೊಂಬತ್ತು ವರ್ಷ ಅನಲಾಗ್ ಚಿಪ್‌ಗಳ ಲೇಔಟ್ (ಚಿಪ್‌ನ ಪದರಗಳ ನಕ್ಷೆ) ಮಾಡಿ, ಅಪ್ಪನ ಗದ್ದೆ ನೋಡಿಕೊಳ್ಳಲು ಐದು ವರ್ಷದ ಹಿಂದೆ ದಾವಣಗೆರೆಗೆ ಮರಳಿದವಳು. ಈಗಲೂ ಸಣ್ಣಪುಟ್ಟ ಲೇಔಟ್ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ.

ನಿನ್ನ ಕೋಡ್ ಸರಿಯಾಗಿಯೇ ಇರಬೇಕು. ಇರುವೆಗೆ ನೀನು ಒಪ್ಪಿಸಿದ ಕೆಲಸವನ್ನು ಇನ್ನೊಮ್ಮೆ ನೋಡು. ಅಜ್ಜಿಯ ಮನೆಯ ಇರುವೆಗಳಿಗೆ ಒಂದೇ ಗೂಡು, ಒಂದೇ ಬೆಲ್ಲದ ಡಬ್ಬಿ. ಸಾವಿರ ಇರುವೆಗಳು ಒಂದೇ ದಾರಿಯಲ್ಲಿ ನಡೆದರೆ ಯಾರಿಗೂ ತೊಂದರೆಯಿಲ್ಲ, ನಡೆದಷ್ಟೂ ದಾರಿ ಗಟ್ಟಿಯಾಗುತ್ತದೆ. ಚಿಪ್‌ನಲ್ಲಿ ನೆಟ್ ಮೂರು ಹೋದ ಚೌಕದಲ್ಲಿ ನೆಟ್ ಏಳು ಕಾಲಿಟ್ಟರೆ ಶಾರ್ಟ್ ಆಗುತ್ತದೆ. ಗುಂಪು ಸೇರಿದಲ್ಲಿಗೇ ಹೋಗು ಎಂದು ಇರುವೆಗೆ ಅದರ ಸ್ವಭಾವ ಹೇಳುತ್ತದೆ, ಗುಂಪು ಸೇರಿದಲ್ಲಿಂದ ದೂರ ಸರಿ ಎಂದು ತಂತಿಗೆ ನಾವು ಹೇಳಬೇಕು. ನೀನು ಎಲ್ಲ ನೆಟ್‌ಗಳಿಗೂ ಒಂದೇ ವಾಸನೆಯ ಕೋಷ್ಟಕ ಇಟ್ಟಿದ್ದೀಯೆಂದು ನನ್ನ ಊಹೆ. ಹಾಗಿದ್ದರೆ ಆ ಎಂಟು ಚೌಕದ ಓಣಿಯಲ್ಲಿ ಆದದ್ದು ಆಗಲೇಬೇಕಾಗಿತ್ತು.

ಇನ್ನೊಂದು ತೊಡಕು ಇರುವೆಯ ಸ್ವಭಾವದಲ್ಲಿಯೇ ಇದೆ. ಬ್ರಸೆಲ್ಸ್‌ನಲ್ಲಿ ಗಾಸ್, ಡೆನ್ಯೂಬೂರ್ ಮೊದಲಾದವರು 1989ರಲ್ಲಿ ಗೂಡಿಗೂ ಆಹಾರಕ್ಕೂ ನಡುವೆ ಒಂದು ಉದ್ದ, ಒಂದು ಗಿಡ್ಡ, ಹೀಗೆ ಎರಡು ಸೇತುವೆ ಇಟ್ಟು ನೋಡಿದರು. ಎರಡನ್ನೂ ಒಟ್ಟಿಗೆ ಇಟ್ಟಾಗ ಇರುವೆಗಳು ಗಿಡ್ಡದ್ದನ್ನು ಹಿಡಿದವು, ಏಕೆಂದರೆ ಅದರಲ್ಲಿ ಹೋಗಿ ಬರುವುದು ಬೇಗ, ವಾಸನೆ ಬೇಗ ಕೂಡುತ್ತದೆ. ಮೊದಲು ಉದ್ದದ್ದನ್ನು ಮಾತ್ರ ಇಟ್ಟು, ಅರ್ಧ ಗಂಟೆಯ ಮೇಲೆ ಗಿಡ್ಡದ್ದನ್ನು ಸೇರಿಸಿದಾಗ ಬಹುಪಾಲು ಇರುವೆಗಳು ಹಳೆಯ ಉದ್ದದ ದಾರಿಯಲ್ಲೇ ಉಳಿದವು. ಅಷ್ಟರಲ್ಲಿ ಅಲ್ಲಿ ವಾಸನೆ ಗಟ್ಟಿಯಾಗಿತ್ತು. ನೀನು ಮೊದಲ ನೆಟ್ ಮುಗಿಸಿ ಅದನ್ನು ಗೋಡೆ ಮಾಡುವುದೂ ಇಂಥದ್ದೇ: ಮೊದಲು ಬಂದವರ ತೀರ್ಮಾನವನ್ನು ಆಮೇಲೆ ಯಾರೂ ಬದಲಿಸಲಾಗುವುದಿಲ್ಲ. ಸರದಿ ಬದಲಿಸಿದಾಗ ಬೇರೆ ಹದಿಮೂರು ಉಳಿಯುವುದಕ್ಕೆ ಇದೇ ಕಾರಣ. ನಿನ್ನ ಸಹಪಾಠಿಯ ಲೀ ವಿಧಾನ 31ಕ್ಕೆ ನಿಂತದ್ದೂ ಇದರಿಂದಲೇ.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಪ್ರತಿ ನೆಟ್‌ಗೂ ಅದರದೇ ವಾಸನೆ ಕೊಡು. 40 ನೆಟ್, ತಲಾ 7,200 ಚೌಕ, ಒಟ್ಟು 2,88,000 ಅಂಕಿಗಳು. ಒಂದು ಅಂಕಿಗೆ ನಾಲ್ಕು ಬೈಟ್ ಎಂದರೂ ಒಂದೂಕಾಲು ಎಂ.ಬಿ. ಮುಟ್ಟುವುದಿಲ್ಲ. ತನ್ನ ನೆಟ್‌ನ ವಾಸನೆ ಇರುವೆಯನ್ನು ಎಳೆಯಬೇಕು, ಪರರ ವಾಸನೆ ತಳ್ಳಬೇಕು. ಸಂಭವದ ಸೂತ್ರದಲ್ಲಿ ಉಳಿದ ನೆಟ್‌ಗಳ ವಾಸನೆಯ ಮೊತ್ತವನ್ನು ಛೇದದಲ್ಲಿಟ್ಟರೆ ಸಾಕು. ಗೋಡೆ ಮಾಡುವುದನ್ನು ಬಿಟ್ಟುಬಿಡು. ಆರಂಭದಲ್ಲಿ ಒಂದೇ ಚೌಕದ ಮೇಲೆ ಎರಡು ನೆಟ್ ಬಂದರೂ ಬರಲಿ, ಆ ಅಪರಾಧಕ್ಕೆ ದಂಡ ಕಡಿಮೆ ಇರಲಿ. ಸುತ್ತು ಕಳೆದಂತೆ ದಂಡ ಏರಿಸುತ್ತಾ ಹೋಗು. ಮೇಲಿಂದ ಮೇಲೆ ಜಗಳ ನಡೆಯುವ ಚೌಕಗಳಿಗೆ ಶಾಶ್ವತವಾಗಿ ಸ್ವಲ್ಪ ಹೆಚ್ಚು ಬೆಲೆ ಕಟ್ಟು. ಆಗ ಬೇರೆ ದಾರಿ ಇರುವ ನೆಟ್‌ಗಳು ತಾವಾಗಿ ಓಣಿ ಬಿಟ್ಟು ಸುತ್ತಿಕೊಂಡು ಹೋಗುತ್ತವೆ, ಬೇರೆ ಗತಿಯಿಲ್ಲದವು ಹೆಚ್ಚು ಬೆಲೆ ಕೊಟ್ಟು ಅಲ್ಲಿಯೇ ಉಳಿಯುತ್ತವೆ.

ಬೆಲೆ ಏರಿಸುವ ಈ ಉಪಾಯ ನನ್ನದಲ್ಲ. ಮ್ಯಾಕ್‌ಮರ್ಚಿ ಮತ್ತು ಎಬೆಲಿಂಗ್ 1995ರಲ್ಲಿ ಎಫ್‌ಪಿಜಿಎಗಳಿಗಾಗಿ (ತಯಾರಾದ ಮೇಲೂ ಒಳಗಿನ ಜೋಡಣೆ ಬದಲಿಸಬಹುದಾದ ಚಿಪ್‌ಗಳು) ಬರೆದ ಪಾತ್‌ಫೈಂಡರ್ ಎಂಬ ರೌಟಿಂಗ್ ವಿಧಾನದ ತಿರುಳು ಇದೇ. ಅದನ್ನು ಮೊದಲ ಸಲ ಓದಿದಾಗ, ಇರುವೆ ಸಾಲನ್ನು ಒಳಗಿನಿಂದ ಹೊರಕ್ಕೆ ಮಗುಚಿ ಹಾಕಿದ್ದಾರೆ ಎಂದು ನನಗೆ ಅನ್ನಿಸಿತ್ತು. ಅಲ್ಲಿಯೂ ನೆನಪು ನೆಲದ ಮೇಲೆಯೇ ಉಳಿಯುತ್ತದೆ, ಅಲ್ಲಿಯೂ ನಡುವೆ ಕುಳಿತು ಆಜ್ಞೆ ಕೊಡುವವರಿಲ್ಲ. ಆ ನೆನಪು ಕರೆಯುವ ಬದಲು ದೂಡುತ್ತದೆ, ವ್ಯತ್ಯಾಸ ಅಷ್ಟೇ.

ವಾಸನೆಗೆ ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಹಾಕು. ಇಲ್ಲವಾದರೆ ಐವತ್ತು ಸುತ್ತಿನೊಳಗೆ ಎಲ್ಲ ಇರುವೆಗಳೂ ಒಂದೇ ದಾರಿಗೆ ಅಂಟಿಕೊಂಡು ಹುಡುಕುವುದನ್ನೇ ನಿಲ್ಲಿಸುತ್ತವೆ.

ಇಷ್ಟು ಮಾಡಿದರೆ 40 ನೆಟ್ ಕೂಡುತ್ತವೆಂದು ನನ್ನ ನಂಬಿಕೆ. ಆದರೂ ನಿನ್ನ ಗೈಡ್ ಕೇಳಿದ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ಒಂದು ಜೀವಿಯಿಂದ ಕಲಿಯುವ ಮೊದಲು ಅದು ಬದುಕಿನಲ್ಲಿ ಯಾವ ಕಷ್ಟವನ್ನು ಬಗೆಹರಿಸಿಕೊಂಡಿದೆ ಎಂದು ಕೇಳಬೇಕು. ಆ ಕಷ್ಟ ನಮ್ಮ ಕಷ್ಟವೇ ಆಗಿದ್ದರೆ ಮಾತ್ರ ಅದರ ಉಪಾಯ ನಮಗೆ ದಕ್ಕುತ್ತದೆ. ಚಿಪ್‌ನಲ್ಲಿ ಹಾಗೆ ಪೂರ್ತಿಯಾಗಿ ಹೊಂದುವ ಜಾಗ ನಾನು ಕಂಡಂತೆ ಸಿಗ್ನಲ್ ತಂತಿಗಳಲ್ಲಿ ಇಲ್ಲ, ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಪವರ್ ಗ್ರಿಡ್‌ನಲ್ಲಿದೆ. ಅಲ್ಲಿ ನಮಗೆ ಪಾಠ ಹೇಳಬೇಕಾದದ್ದು ಎಲೆ.

ನನ್ನ ಅಪ್ಪನ ಎರಡು ಎಕರೆ ಭದ್ರಾ ನಾಲೆಯ ಕೊನೆಯ ಭಾಗದಲ್ಲಿದೆ. ಹೆಸರು ನೋಡಿಯೇ ನಿನಗೆ ಗೊತ್ತಾಗಿರಬಹುದು. ಮೇಲಿನ ಗದ್ದೆಗಳಲ್ಲಿ ಎಲ್ಲರೂ ಒಂದೇ ವಾರ ನಾಟಿಗೆ ಇಳಿದರೆ ನಮ್ಮ ತೂಬಿನಲ್ಲಿ ಬೆರಳು ನೆನೆಯುವಷ್ಟೂ ನೀರು ಬರುತ್ತಿರಲಿಲ್ಲ. ನಾಲೆ ತುಂಬಿದೆ ಎಂದು ತಲೆಯ ಭಾಗದಲ್ಲಿ ಅಳೆದು ಹೇಳುವ ಸರಾಸರಿ ಲೆಕ್ಕ ಕೊನೆಯ ಗದ್ದೆಯವನಿಗೆ ಅನ್ನ ಕೊಡುವುದಿಲ್ಲ. ಇದನ್ನು ನೋಡಿಯೇ ಬೆಳೆದ ನಾನು ಕೆಲಸಕ್ಕೆ ಸೇರಿದ ಆರನೆಯ ವರ್ಷ ಅದೇ ತಪ್ಪು ಮಾಡಿದೆ. ಒಂದು 1.8 ವೋಲ್ಟ್ ಚಿಪ್‌ಗೆ ಎಡಬದಿಯಿಂದ ಮಾತ್ರ ಪವರ್ ಬರುತ್ತಿತ್ತು. ಕಾಂಡ, ಕೊಂಬೆ, ರೆಂಬೆ ಎಂಬಂತೆ ಕವಲೊಡೆದ ಸ್ಟ್ರಾಪ್‌ಗಳನ್ನು (ಪವರ್ ಒಯ್ಯುವ ಲೋಹದ ಪಟ್ಟಿಗಳನ್ನು) ಎಳೆದೆ. ನೋಡಲು ಅಚ್ಚುಕಟ್ಟಾಗಿತ್ತು, ಸರಾಸರಿ ಕರೆಂಟ್‌ಗೆ ಬಲತುದಿಯಲ್ಲಿ 40 ಮಿಲಿವೋಲ್ಟ್ ಇಳಿತ, ಮಿತಿ 90. ಚಿಪ್ ತಯಾರಾಗಿ ಬಂತು. ಎಲ್ಲ ಬ್ಲಾಕ್‌ಗಳೂ ಒಟ್ಟಿಗೆ ಎಚ್ಚರಗೊಂಡ ಕ್ಷಣದಲ್ಲಿ ಬಲಮೂಲೆಯ ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಸರ್ಕ್ಯೂಟ್) ತಪ್ಪು ಉತ್ತರ ಕೊಡುತ್ತಿತ್ತು. ಎರಡು ದಿನ ಹುಡುಕಿ ಕಾರಣ ಕಂಡಾಗ ಪರೀಕ್ಷಾ ಮೇಜಿನ ಮುಂದೆ ಕುಳಿತು ಅಪ್ಪನ ತೂಬನ್ನು ನೆನೆದು ಅತ್ತುಬಿಟ್ಟೆ. ಸ್ಟ್ರಾಪ್‌ಗಳ ಬಿಡಿ ತುದಿಗಳನ್ನು ಮೂರು ಕಡೆ ಒಂದಕ್ಕೊಂದು ಕೂಡಿಸಿ ಮೇಲಿನ ಲೋಹದ ಪದರದ ಮಾಸ್ಕ್ (ಅಚ್ಚು) ಮಾತ್ರ ಹೊಸದಾಗಿ ಮಾಡಿಸಿದೆವು, ಚಿಪ್ ಸರಿಯಾಯಿತು.

ಅರಳಿ ಎಲೆಯನ್ನು ವಾರಗಟ್ಟಲೆ ನೀರಿನಲ್ಲಿ ನೆನೆಸಿಟ್ಟು ಹಸಿರನ್ನು ಮೆಲ್ಲಗೆ ಉಜ್ಜಿ ತೆಗೆದರೆ ಬಲೆಯಂಥ ನರಗಳು ಉಳಿಯುತ್ತವೆ, ಚಿಕ್ಕಂದಿನಲ್ಲಿ ನೀನೂ ಮಾಡಿರಬೇಕು. ಅದನ್ನು ಬೆಳಕಿಗೆ ಹಿಡಿದು ನೋಡು. ದಪ್ಪ ನರಗಳು ಕವಲೊಡೆದಿರುತ್ತವೆ, ಆದರೆ ಸಣ್ಣ ನರಗಳೆಲ್ಲ ಕುಣಿಕೆ ಕುಣಿಕೆಯಾಗಿ ಕೂಡಿಕೊಂಡಿರುತ್ತವೆ. ನೀರನ್ನು ಹಂಚುವುದಷ್ಟೇ ಉದ್ದೇಶವಾಗಿದ್ದರೆ ಕುಣಿಕೆ ಬೇಕಿಲ್ಲ, ಮರದಂತೆ ಕವಲೊಡೆದರೆ ಸಾಮಗ್ರಿ ಉಳಿಯುತ್ತದೆ. ಹಾಗಿದ್ದೂ ಎಲೆ ಏಕೆ ಕುಣಿಕೆ ಹೆಣೆಯುತ್ತದೆ ಎಂದು 2010ರಲ್ಲಿ ಕಟಿಫೋರಿ ಮತ್ತು ಜೊತೆಗಾರರು ಲೆಕ್ಕ ಹಾಕಿ ತೋರಿಸಿದರು. ಎರಡು ಕಾರಣ. ಹುಳು ಎಲ್ಲಿಯಾದರೂ ನರ ಕಡಿಯಬಹುದು. ಎಲೆಯ ಎಲ್ಲ ಭಾಗಗಳೂ ಎಲ್ಲ ಹೊತ್ತಿನಲ್ಲೂ ಒಂದೇ ಪ್ರಮಾಣದ ನೀರು ಬೇಡುವುದಿಲ್ಲ. ಈ ಎರಡರಲ್ಲಿ ಯಾವ ಒಂದನ್ನು ಲೆಕ್ಕಕ್ಕೆ ಸೇರಿಸಿದರೂ ಅತ್ಯುತ್ತಮ ಜಾಲದಲ್ಲಿ ಕುಣಿಕೆಗಳು ತಾವಾಗಿ ಬರುತ್ತವೆ.

ಚಿಪ್‌ನ ಕಷ್ಟವೂ ಅಕ್ಷರಶಃ ಇದೇ. ಎಲೆಕ್ಟ್ರೊಮೈಗ್ರೇಷನ್‌ನಿಂದ, ಎಂದರೆ ಹರಿಯುವ ಕರೆಂಟ್ ಲೋಹದ ಕಣಗಳನ್ನು ತಳ್ಳಿ ಸರಿಸುವುದರಿಂದ, ತಂತಿ ಸವೆದು ಕಡಿಯುತ್ತದೆ, ಬ್ಲಾಕ್‌ಗಳು ಸರದಿಯಲ್ಲಿ ಏಳುತ್ತವೆ, ಮಲಗುತ್ತವೆ. ನಿನಗೆ ಹದಿನೆಂಟು ದಿನವಿದೆ. ಮೊದಲ ಎಂಟು ದಿನದಲ್ಲಿ ಇರುವೆ ಮುಗಿಸು, ಉಳಿದದ್ದರಲ್ಲಿ ಎಲೆ ಹಿಡಿ. 20ಕ್ಕೆ 20 ಬಿಂದುಗಳ ರೆಸಿಸ್ಟರ್ ಜಾಲ, ಒಂದು ಮೂಲೆಯಲ್ಲಿ ಪವರ್ ಪ್ಯಾಡ್ (ಹೊರಗಿನ ವಿದ್ಯುತ್ ಒಳಬರುವ ಜಾಗ). ಕಿರ್ಚಾಫ್ ನಿಯಮದಿಂದ ಕರೆಂಟ್ ಲೆಕ್ಕ ಹಾಕು. ಕರೆಂಟ್ ಹೆಚ್ಚು ಹರಿದ ಕೊಂಡಿ ಸ್ವಲ್ಪ ದಪ್ಪವಾಗಲಿ, ಹರಿಯದ್ದು ಸೊರಗಲಿ, ಒಟ್ಟು ಲೋಹ ಬದಲಾಗದಿರಲಿ. ಮತ್ತೆ ಲೆಕ್ಕ, ಮತ್ತೆ ತಿದ್ದು. ಫೈಸಾರಮ್ ಎಂಬ ಹಳದಿ ಬಣ್ಣದ ಲೋಳೆಯಂಥ ಏಕಕೋಶ ಜೀವಿ ತನ್ನ ನಾಳಗಳನ್ನು ಬೆಳೆಸುವುದು ಹೀಗೆಯೇ. ಟೋಕಿಯೊ ಸುತ್ತಲಿನ ಊರುಗಳ ಜಾಗದಲ್ಲಿ ಓಟ್ಸ್ ಇಟ್ಟಾಗ ಅದು ಅಲ್ಲಿನ ರೈಲು ಜಾಲಕ್ಕೆ ಸರಿಸಾಟಿಯಾದ ಜಾಲ ಹೆಣೆದದ್ದನ್ನು ಟೆರೊ ಮತ್ತು ಸಂಗಡಿಗರು 2010ರಲ್ಲಿಯೇ ಪ್ರಕಟಿಸಿದರು.

ಬಾತಿಗುಡ್ಡ:

ಅಕ್ಕಾ, ಒಂಬತ್ತು ದಿನ ಬರೆಯಲಿಲ್ಲ, ಕ್ಷಮಿಸಿ. ನಿಮ್ಮ ಊಹೆ ಸರಿ, ಎಲ್ಲ ನೆಟ್‌ಗಳಿಗೂ ಒಂದೇ ಕೋಷ್ಟಕವಿತ್ತು. ಪ್ರತ್ಯೇಕ ಮಾಡಿದೆ, ಪರರ ವಾಸನೆಯನ್ನು ಛೇದಕ್ಕೆ ಹಾಕಿದೆ, ಗೋಡೆಗಳನ್ನು ತೆಗೆದೆ. ಮೊದಲ ಸಲ ಓಡಿಸಿದಾಗ 36 ಕೂಡಿದವು. ದಂಡವನ್ನು ಬೇಗ ಬೇಗ ಏರಿಸಿದ್ದೆ, ಆದ್ದರಿಂದ ನೆಟ್‌ಗಳು ಓಣಿಯ ಬಾಯಲ್ಲಿ ಒಮ್ಮೆ ಆಚೆ, ಒಮ್ಮೆ ಈಚೆ ಜಿಗಿಯುತ್ತಿದ್ದವು. ನಿಧಾನಿಸಿದ ಮೇಲೆ ಹತ್ತು ಸಲದಲ್ಲಿ ಒಂಬತ್ತು ಸಲ 40ಕ್ಕೆ 40 ಕೂಡಿದವು. ಉಳಿದ ಒಂದು ಸಲ ಎರಡು ಚೌಕಗಳಲ್ಲಿ ಮಾತ್ರ ಡಿಕ್ಕಿ. ಆರು ಗಂಟೆ ಹಿಡಿಯುತ್ತಿದ್ದದ್ದು 48 ನಿಮಿಷಕ್ಕೆ ಇಳಿಯಿತು, ದಾರಿ ಮುಚ್ಚಿಹೋಗಿ ಸತ್ತು ಮತ್ತೆ ಹೊರಡುವ ಇರುವೆಗಳೇ ಈಗ ಇಲ್ಲ.

ಇರುವೆಯನ್ನು ಪೂರ್ತಿ ತೆಗೆದು, ಲೀ ವಿಧಾನಕ್ಕೆ ಅದೇ ಏರುವ ಬೆಲೆಯನ್ನು ಸೇರಿಸಿಯೂ ಓಡಿಸಿದೆ. ಹನ್ನೊಂದು ಸೆಕೆಂಡಿನಲ್ಲಿ 40 ನೆಟ್ ಕೂಡಿದವು, ಒಟ್ಟು ಉದ್ದವೂ ಇರುವೆಯದಕ್ಕಿಂತ ಶೇಕಡಾ 4ರಷ್ಟು ಕಡಿಮೆ. ಇದನ್ನೂ ವರದಿಯಲ್ಲಿ ಬರೆಯಲೇ ಎಂದು ಗೈಡ್ ಅವರನ್ನು ಕೇಳಿದೆ. "ಬರೆಯಲೇಬೇಕು" ಎಂದರು, ಅವರ ಮುಖದಲ್ಲಿ ಸಂತೋಷವಿತ್ತು.

ಎಲೆಯ ಲೆಕ್ಕದಲ್ಲಿ ಮಾತ್ರ ಸಿಕ್ಕಿಬಿದ್ದಿದ್ದೇನೆ. ಕುಣಿಕೆಗಳು ಬರುತ್ತಿಲ್ಲ. 760 ಕೊಂಡಿಗಳಿಂದ ಆರಂಭಿಸಿದರೆ ಕೊನೆಗೆ 399 ಉಳಿಯುತ್ತವೆ. 400 ಬಿಂದುಗಳಿಗೆ 399 ಕೊಂಡಿ ಎಂದರೆ ಶುದ್ಧ ಮರ. ನೀವು ಮಾಡಿದೆನೆಂದು ಹೇಳಿದ ತಪ್ಪನ್ನೇ ನನ್ನ ಪ್ರೋಗ್ರಾಂ ತಾನಾಗಿ ಮಾಡುತ್ತಿದೆ.

ಏಳುಸುತ್ತು:

ವಿಷಯ ಬದಲಿಸಿ ಎಂದು ನಾನು ಹೇಳಿದ್ದು ಅವಸರದ ಮಾತಾಯಿತು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಲೀ ವಿಧಾನದ ಹೋಲಿಕೆಯನ್ನು ನೀವೇ ಮಾಡಿ ನೋಡಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಪೀಠಿಕೆಗೆ ಬೇಕಾದೀತೆಂದು ಎರಡು ವಿಷಯ ಹೇಳುತ್ತೇನೆ. ಪ್ರಕೃತಿಯನ್ನು ಅನುಸರಿಸಿದ ಉಪಾಯಗಳಲ್ಲಿ ಚಿಪ್ ಉದ್ಯಮದ ಕೈ ಹೆಚ್ಚಾಗಿ ಹಿಡಿದದ್ದು ಜೀವಿಗಳದ್ದಲ್ಲ, ಕುಲುಮೆಯದ್ದು. ಕಾಯಿಸಿದ ಲೋಹವನ್ನು ಮೆಲ್ಲಗೆ ಆರಿಸಿದರೆ ಅಣುಗಳು ಸರಿಯಾದ ಜಾಗಕ್ಕೆ ಕೂರುವಂತೆ, ಬ್ಲಾಕ್‌ಗಳನ್ನೂ ಮೊದಲು ಮನಬಂದಂತೆ ಅಲುಗಾಡಿಸಿ ಕ್ರಮೇಣ ನೆಲೆಗೊಳಿಸುವ ವಿಧಾನವನ್ನು ಐಬಿಎಂನ ಕಿರ್ಕ್‌ಪ್ಯಾಟ್ರಿಕ್, ಜೆಲಾಟ್, ವೆಚ್ಚಿ 1983ರಲ್ಲಿ ಪ್ರಕಟಿಸಿದರು. ಅವರು ಕೊಟ್ಟ ಉದಾಹರಣೆಗಳಲ್ಲಿಯೇ ಚಿಪ್‌ನ ಪ್ಲೇಸ್‌ಮೆಂಟ್ ಮತ್ತು ವೈರಿಂಗ್ ಇದ್ದವು.

ಇನ್ನೊಂದು ಎಚ್ಚರಿಕೆಯ ಕಥೆ. ಸಸೆಕ್ಸ್ ವಿಶ್ವವಿದ್ಯಾಲಯದ ಏಡ್ರಿಯನ್ ಥಾಂಪ್ಸನ್ 1996ರಲ್ಲಿ ಒಂದು ಎಫ್‌ಪಿಜಿಎಯ 10ಕ್ಕೆ 10 ಕೋಶಗಳ ಮೇಲೆ ಸರ್ಕ್ಯೂಟನ್ನು ವಿಕಾಸವಾಗಲು ಬಿಟ್ಟರು. 1 ಕಿಲೋಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಸ್ವರಗಳನ್ನು ಅದು ಗುರುತಿಸಬೇಕಿತ್ತು, ಸಮಯದ ತಾಳ ಕೊಡುವ ಕ್ಲಾಕ್ ಕೊಟ್ಟಿರಲಿಲ್ಲ. ಸಾವಿರಾರು ತಲೆಮಾರು ಕಳೆದ ಮೇಲೆ ಅದು ಗುರುತಿಸಿತು. ಬಿಚ್ಚಿ ನೋಡಿದರೆ ಔಟ್‌ಪುಟ್‌ಗೆ ತಂತಿಯ ಸಂಬಂಧವೇ ಇಲ್ಲದ ಕೆಲವು ಕೋಶಗಳಿದ್ದವು, ಅವನ್ನು ನಿಲ್ಲಿಸಿದರೆ ಇಡೀ ಸರ್ಕ್ಯೂಟ್ ಕೆಡುತ್ತಿತ್ತು. ಅದೇ ಚಿಪ್‌ನ ಬೇರೆ ಮೂಲೆಗೆ ಸರಿಸಿದರೂ ಮೊದಲಿನಂತೆ ನಡೆಯಲಿಲ್ಲ. ವಿಕಾಸ ಆ ಒಂದು ಸಿಲಿಕಾನ್ ತುಂಡಿಗೆ, ಅಲ್ಲಿನ ಉಷ್ಣತೆಗೆ ಒಗ್ಗಿಕೊಂಡಿತ್ತು. ನೀವು ಯಾವುದನ್ನು ಅಳೆದು ಅಂಕ ಕೊಡುತ್ತೀರೋ ಅದಷ್ಟನ್ನೇ ಇಂಥ ವಿಧಾನಗಳು ಕಲಿಯುತ್ತವೆ. ನಿಮ್ಮ 399ರ ಉತ್ತರವೂ ಅಲ್ಲಿಯೇ ಇರಬೇಕೆಂದು ನನಗೆ ತೋರುತ್ತದೆ. ಜಾಲಕ್ಕೆ ನೀವು ಯಾವ ಲೋಡ್ (ಬಿಂದುಗಳು ಎಳೆಯುವ ಕರೆಂಟ್) ತೋರಿಸುತ್ತಿದ್ದೀರಿ?

ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ನೀರು ಹರಿಯುತ್ತದೆ. ಒಂದೇ ಸಾಲು, ಕುಣಿಕೆಯಿಲ್ಲ. ಅಲ್ಲಿ ಪ್ರತಿ ಹೊಂಡವೂ ತನಗೆ ಬೇಕಾದ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಾಲು ಸಾಕಾಗುತ್ತದೆ. ಚಿಪ್‌ನಲ್ಲಿ ಬ್ಲಾಕ್‌ನ ಪಕ್ಕ ಸ್ವಲ್ಪ ವಿದ್ಯುತ್ ಕೂಡಿಟ್ಟುಕೊಳ್ಳುವ ಡಿಕಪ್ಲಿಂಗ್ ಕೆಪಾಸಿಟರ್ ಇಡುವುದೂ ಇದಕ್ಕಾಗಿಯೇ. ಸಮಯ ಉಳಿದರೆ ಜಾಲಕ್ಕೆ ಅದನ್ನೂ ಸೇರಿಸಿ ನೋಡಿ.

ಕೊನೆಯ ತೂಬು:

ಅಣ್ಣ ಹೇಳಿದ್ದು ಸರಿ, ಹೊಂಡದ ಮಾತು ನನಗೆ ಹೊಳೆದಿರಲಿಲ್ಲ.

ತಂಗಿ, ನೀನು ಎಲ್ಲ ಬಿಂದುಗಳಿಗೂ ಯಾವಾಗಲೂ ಒಂದೇ ಸರಾಸರಿ ಕರೆಂಟ್ ಕೊಟ್ಟಿದ್ದೀಯೆ, ಅಲ್ಲವೇ? ಬದಲಾಗದ ಲೋಡ್‌ಗೆ ಮರವೇ ಸರಿಯಾದ ಉತ್ತರ, ನಿನ್ನ ಪ್ರೋಗ್ರಾಂ ಪ್ರಾಮಾಣಿಕವಾಗಿ ಅದನ್ನೇ ಕೊಟ್ಟಿದೆ. ಜಾಲವನ್ನು ಹದಿನಾರು ಬ್ಲಾಕ್ ಮಾಡು. ಪ್ರತಿ ಸುತ್ತಿನಲ್ಲಿ ಒಂದೆರಡು ಬ್ಲಾಕ್ ಮಾತ್ರ ಎಚ್ಚರವಿರಲಿ, ಯಾವುದು ಎಂಬುದು ಪ್ರತಿ ಸಲವೂ ಬದಲಾಗಲಿ. ಕೊಂಡಿಯನ್ನು ದಪ್ಪ ಮಾಡುವುದು ಒಂದೇ ಸುತ್ತಿನ ಕರೆಂಟ್ ನೋಡಿ ಬೇಡ, ನೂರು ಸುತ್ತಿನ ಕರೆಂಟ್‌ಗಳ ವರ್ಗದ ಸರಾಸರಿ ನೋಡಿ ಮಾಡು. ಆಮೇಲೆ ಅತಿ ದಪ್ಪ ಕೊಂಡಿಗಳನ್ನು ಒಂದೊಂದಾಗಿ ಕಡಿದು, ಪ್ರತಿ ಸಲವೂ ಅತಿ ದೂರದ ಬ್ಲಾಕ್‌ನಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ಅಳೆ.

ಕೊನೆಯಲ್ಲಿ ಬಂದ ಅಗಲಗಳನ್ನು ಹಾಗೆಯೇ ಲೇಔಟ್‌ಗೆ ಒಯ್ಯಬೇಡ. ಡಿಆರ್‌ಸಿ (ತಯಾರಿಕೆಯ ನಿಯಮಗಳ ತಪಾಸಣೆ) ಒಪ್ಪುವ ಕನಿಷ್ಠ, ಗರಿಷ್ಠ ಅಗಲಗಳಿವೆ, ಎಲೆಗೆ ಆ ಕಟ್ಟಳೆ ಇಲ್ಲ. ಮೂರು ನಾಲ್ಕು ಅಗಲಗಳಿಗೆ ಹೊಂದಿಸಿಕೊಂಡು ಕೆಲೇಔಟ್ ಎಂಬ ತಂತ್ರಾಂಶದಲ್ಲಿ ಬಿಡಿಸು. ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿಯ 130 ನ್ಯಾನೊಮೀಟರ್ ವಿನ್ಯಾಸ ಕಿಟ್ 2020ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ, ಅದರ ನಿಯಮಗಳನ್ನೇ ಬಳಸು.

ಬಾತಿಗುಡ್ಡ:

ಕುಣಿಕೆಗಳು ಬಂದವು ಅಕ್ಕಾ! ನಿನ್ನೆ ರಾತ್ರಿ ಒಂದೂವರೆಗೆ ಚಿತ್ರ ಪರದೆಯ ಮೇಲೆ ಮೂಡಿದಾಗ ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಅಮ್ಮ ನಿದ್ದೆಗಣ್ಣಿನಲ್ಲಿ ನೋಡಿ "ಎಲೆಯಂತಿದೆ" ಎಂದರು. ನಾನು ಎಲೆಯ ಮಾತು ಎತ್ತಿರಲೇ ಇಲ್ಲ.

451 ಕೊಂಡಿಗಳು ಉಳಿದಿವೆ, ಎಂದರೆ 52 ಕುಣಿಕೆಗಳು. ಒಟ್ಟು ಲೋಹ ಮರದಷ್ಟೇ. ಏನನ್ನೂ ಕಡಿಯದಿದ್ದಾಗ ಅತಿ ದೂರದ ಬ್ಲಾಕ್‌ನಲ್ಲಿ ಇಳಿತ 61 ಮಿಲಿವೋಲ್ಟ್. ಪ್ಯಾಡ್‌ಗೆ ಅಂಟಿದ ಕೊಂಡಿಗಳನ್ನು ಬಿಟ್ಟು ಉಳಿದವುಗಳಲ್ಲಿ ಅತಿ ದಪ್ಪದ್ದನ್ನು ಕಡಿದರೆ 78, ಇನ್ನೂ 90ರ ಒಳಗಿದೆ. ಮರದಲ್ಲಿ ಅಂಥದ್ದೇ ಕೊಂಡಿ ಕಡಿದಾಗ ಅದರಾಚೆಯ ಐದು ಬ್ಲಾಕ್‌ಗಳಿಗೆ ಪವರ್ ಪೂರ್ತಿ ನಿಂತುಹೋಯಿತು. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ರಿವ್ಯೂ ಆರಂಭಿಸೋಣ ಎಂದು ಗೈಡ್ ಹೇಳಿದ್ದಾರೆ. ಇರುವೆಯ ಅಧ್ಯಾಯ ಎರಡನೆಯದಾಗುತ್ತದೆ, ಹನ್ನೊಂದು ಸೆಕೆಂಡಿನ ಹೋಲಿಕೆಯೂ ಅದರಲ್ಲಿಯೇ ಇರುತ್ತದೆ.

ಸರ್, ಡಿಕಪ್ಲಿಂಗ್ ಕೆಪಾಸಿಟರ್ ಸೇರಿಸಬೇಕಾದರೆ ಕಾಲದ ಲೆಕ್ಕವೂ ಬೇಕಾಗುತ್ತದೆ. ಒಂದು ಸುತ್ತಿಗೆ ಎಷ್ಟು ನ್ಯಾನೊಸೆಕೆಂಡ್ ಹಿಡಿಯಲಿ?

ಏಳುಸುತ್ತು:

ಬ್ಲಾಕ್ ಏಳಲು ತೆಗೆದುಕೊಳ್ಳುವ ಸಮಯದ ಹತ್ತನೆಯ ಒಂದು ಭಾಗ ಹಿಡಿಯಿರಿ. 5 ನ್ಯಾನೊಸೆಕೆಂಡಿನಲ್ಲಿ ಏಳುತ್ತದೆ ಎಂದುಕೊಂಡರೆ ಅರ್ಧ ನ್ಯಾನೊಸೆಕೆಂಡ್. ಮೊದಲು ಬಲಮೂಲೆಯ ಒಂದೇ ಬ್ಲಾಕ್‌ಗೆ ಕೆಪಾಸಿಟರ್ ಕೊಟ್ಟು ನೋಡಿ, ಹದಿನಾರಕ್ಕೂ ಒಟ್ಟಿಗೆ ಕೊಡಬೇಡಿ. ಚಿತ್ರಗಳನ್ನು ಇಲ್ಲಿ ಹಾಕಿ, ನಮ್ಮ ತಂಡದವರಿಗೂ ತೋರಿಸುತ್ತೇನೆ.